‘ಚಿಲ್ಲರೆ ಇಲ್ಲ, ಮುಂದಕ್ಕೋಗಪ್ಪ’ ಅನ್ನುವ ಮೊದಲು

ಸೋಮವಾರ ಬೆಳಿಗ್ಗೆ. ಅಂಗಡಿ ಬಾಗಿಲು ಈಗಷ್ಟೇ ತೆಗೆದಿದೆ. ಮುಂದೆ ನೀರು ಚಿಮುಕಿಸಿ, ಲಕ್ಷ್ಮಿ ಪಟಕ್ಕೆ ಊದುಬತ್ತಿ ಹಚ್ಚಿ, ಸಾಹುಕಾರರು ಗಲ್ಲಾದ ಮುಂದೆ ಕೂತಿದ್ದಾರೆ. ಇನ್ನೂ ಬೋಣಿ ಆಗಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ‘ಝಣ್’ ಅಂತ ಒಂದು ಸದ್ದು. ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಜೋಳಿಗೆ, ಎರಡು ಕೈಯಲ್ಲೂ ಕಂಚು. ‘ಉಘೇ ಮಾದಪ್ಪ’ ಅಂತ ಹಾಡು ಶುರುವಾಗುತ್ತದೆ.

ಸಾಹುಕಾರರು ತಲೆ ಎತ್ತುವುದಿಲ್ಲ. ‘ಚಿಲ್ಲರೆ ಇಲ್ಲ, ಮುಂದಕ್ಕೋಗಪ್ಪ’ ಅಂತಾರೆ. ಪಾಪ, ಅವರು ಸುಳ್ಳು ಹೇಳುತ್ತಿಲ್ಲ. ಒಂದು ಪೊಟ್ಟಣ ಉಪ್ಪು ಕೊಂಡವರೂ ಫೋನಿನಲ್ಲೇ ದುಡ್ಡು ಕಳಿಸುವ ಕಾಲ ಇದು. ಗಲ್ಲಾದಲ್ಲಿ ನಾಣ್ಯದ ಸದ್ದೇ ಕಮ್ಮಿಯಾಗಿದೆ. ಬಂದವನು ಬೈಯುವುದಿಲ್ಲ, ಹಾಡು ನಿಲ್ಲಿಸಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಅದೇ ಸಾಹುಕಾರರು ಅದೇ ವಾರ ಮೊಮ್ಮಗನ ಶಾಲಾ ವಾರ್ಷಿಕೋತ್ಸವಕ್ಕೆ ಹೋಗುತ್ತಾರೆ ಅಂತಿಟ್ಟುಕೊಳ್ಳಿ. ವೇದಿಕೆ ಮೇಲೆ ಹತ್ತು ಹನ್ನೆರಡು ಹುಡುಗರು ಕಚ್ಚೆ ಹಾಕಿ, ಸೊಂಟಕ್ಕೆ ವಸ್ತ್ರ ಬಿಗಿದು, ಕಂಸಾಳೆ ಬೀಸುತ್ತಾರೆ. ಮೈಕಿನಲ್ಲಿ ಹಾಡು, ಬಣ್ಣದ ದೀಪ, ಹತ್ತು ನಿಮಿಷದ ಕುಣಿತ. ಸಭೆಯೆಲ್ಲಾ ಚಪ್ಪಾಳೆ. ‘ಭೇಷ್, ನಮ್ಮ ಸಂಸ್ಕೃತಿ ಅಂದ್ರೆ ಇದಪ್ಪಾ’ ಅಂತ ಸಾಹುಕಾರರೇ ಮೊದಲು ಚಪ್ಪಾಳೆ ತಟ್ಟುತ್ತಾರೆ.

ಬೆಳಿಗ್ಗೆ ‘ಮುಂದಕ್ಕೋಗು’ ಅನ್ನಿಸಿಕೊಂಡದ್ದೂ ಕಂಸಾಳೆಯೇ, ಸಂಜೆ ‘ಭೇಷ್’ ಅನ್ನಿಸಿಕೊಂಡದ್ದೂ ಕಂಸಾಳೆಯೇ. ಹಾಗಾದರೆ ನಿಜವಾದದ್ದು ಯಾವುದು? ಕೊಳ್ಳೇಗಾಲ, ಹನೂರು, ಚಾಮರಾಜನಗರ, ಮೈಸೂರು, ಮಂಡ್ಯ ಸೀಮೆಯ ಜನ ಹುಟ್ಟಿದಾಗಿನಿಂದ ಈ ಸದ್ದು ಕೇಳುತ್ತಿದ್ದರೂ ಈ ಪ್ರಶ್ನೆ ಕೇಳಿಕೊಂಡವರು ಕಮ್ಮಿ. ಉತ್ತರ ಮಾತ್ರ ಸ್ವಲ್ಪ ಚುಚ್ಚುವಂಥದ್ದು. ಅಂಗಡಿ ಬಾಗಿಲಲ್ಲಿ ಕೈಯೊಡ್ಡಿದ್ದೇ ಬೇರು, ವೇದಿಕೆ ಮೇಲೆ ಕುಣಿದದ್ದು ಅದರ ಕೊಂಬೆ.

ಬಟ್ಟಲೊಂದು, ಬಿಲ್ಲೆಯೊಂದು

ಮೊದಲು ಸಾಮಾನನ್ನೇ ನೋಡೋಣ. ಕಂಚಿಗೆ ಸಂಸ್ಕೃತದಲ್ಲಿ ಕಾಂಸ್ಯ. ಕಾಂಸ್ಯದ ತಾಳ ಜನರ ಬಾಯಲ್ಲಿ ಸವೆದು ಕಂಸಾಳೆ ಆಯಿತು. ಭಜನೆ ಮನೆಯ ತಾಳದಂತೆ ಇದು ಒಂದೇ ರೂಪದ ಜೋಡಿಯಲ್ಲ. ಎಡಗೈಯಲ್ಲಿ ಹಿಡಿಯುವುದು ನಡುವೆ ಬಟ್ಟಲಿನಂತೆ ಗುಳಿಯಿರುವ ತಾಳ. ಬಲಗೈಯದು ಚಪ್ಪಟೆ ಬಿಲ್ಲೆ. ಆ ಬಿಲ್ಲೆಗೆ ಹುರಿ ಕಟ್ಟಿ, ತುದಿಗೆ ಗೊಂಡೆ ಬಿಟ್ಟಿರುತ್ತಾರೆ. ಬಟ್ಟಲು ಅಂಗೈ ಬಿಟ್ಟು ಕದಲುವುದಿಲ್ಲ, ಬಿಲ್ಲೆ ಮಾತ್ರ ಹುರಿಯ ಆಸರೆಯಲ್ಲಿ ಹಾರಿ ಬಂದು ಬಡಿಯುತ್ತದೆ.

ಕಂಚು ಅಂದರೆ ತಾಮ್ರಕ್ಕೆ ತವರ ಸೇರಿಸಿದ ಲೋಹ. ಹಿತ್ತಾಳೆ ಬೇರೆ, ಅದು ತಾಮ್ರಕ್ಕೆ ಸತು ಸೇರಿದ್ದು. ಪಾತ್ರೆ ವ್ಯಾಪಾರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಬೆರಳಲ್ಲಿ ಒಮ್ಮೆ ತಟ್ಟಿದರೆ ಸಾಕು, ಅವರಿಗೆ ಗೊತ್ತಾಗುತ್ತದೆ. ಕಂಚಿನ ನಾದ ಬೇಗ ಆರುವುದಿಲ್ಲ. ಒಂದು ಏಟು ಹೊಡೆದರೆ ಓಣಿಯ ಆ ತುದಿಯವರೆಗೂ ಹೋಗಿ ಮುಟ್ಟುತ್ತದೆ. ಬಾಗಿಲು ತಟ್ಟದೆ ಒಳಗಿನವರನ್ನು ಕರೆಯಬೇಕಾದವನಿಗೆ ಇದಕ್ಕಿಂತ ಒಳ್ಳೆಯ ಸಾಧನ ಇನ್ಯಾವುದು?

ಗುಡ್ಡ ಅಂದರೆ ಬೆಟ್ಟವಲ್ಲ

ಕಂಸಾಳೆ ಹಿಡಿದವನನ್ನು ದೇವರಗುಡ್ಡ ಅಂತ ಕರೆಯುತ್ತಾರೆ. ಮಾದಪ್ಪ ಬೆಟ್ಟದ ಮೇಲಿರುವುದರಿಂದ ಈ ಹೆಸರು ಬಂತು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ತಪ್ಪು. ಹಳಗನ್ನಡದಲ್ಲಿ ಗುಡ್ಡ ಅಂದರೆ ಶಿಷ್ಯ. ಶ್ರವಣಬೆಳಗೊಳದ ಶಾಸನಗಳಲ್ಲಿ ಜೈನ ಮುನಿಗಳ ಗೃಹಸ್ಥ ಶಿಷ್ಯರನ್ನು ಇಂಥವರ ಗುಡ್ಡ ಅಂತಲೇ ಬರೆದಿದೆ. ಪುಸ್ತಕದ ಕನ್ನಡ ಆ ಅರ್ಥವನ್ನು ಯಾವಾಗಲೋ ಮರೆಯಿತು. ಬೀದಿಯಲ್ಲಿ ಹಾಡುತ್ತಾ ಬೇಡುವ ಜನ ಉಳಿಸಿಕೊಂಡರು. ದೇವರಗುಡ್ಡ ಅಂದರೆ ದೇವರ ಶಿಷ್ಯ, ಅಷ್ಟೇ.

ಶಿಷ್ಯನಾಗಬೇಕಾದರೆ ಗುರುವಿನಿಂದ ದೀಕ್ಷೆ ಆಗಬೇಕು. ಹಾಲುಮತದ ಕುರುಬರಲ್ಲಿ ಗುಡ್ಡರು ಹೆಚ್ಚು, ಬೇರೆ ಜಾತಿಯವರೂ ಉಂಟು. ಮಾದಪ್ಪನಿಗೆ ಹರಕೆ ಹೊತ್ತು ಮಗನನ್ನು ಗುಡ್ಡನಾಗಿ ಬಿಟ್ಟ ಮನೆಗಳು ಈ ಸೀಮೆಯಲ್ಲಿ ಲೆಕ್ಕವಿಲ್ಲ. ಗುರು ರುದ್ರಾಕ್ಷಿ ಕಟ್ಟಿ, ಕೈಗೆ ಬೆತ್ತ, ಜೋಳಿಗೆ, ಕಂಸಾಳೆ ಕೊಡುತ್ತಾನೆ. ಗುಡ್ಡ ಸನ್ಯಾಸಿ ಅಲ್ಲ. ಹೆಂಡತಿ ಮಕ್ಕಳು ಇರುತ್ತಾರೆ, ಹೊಲ ಇದ್ದರೆ ಉಳುತ್ತಾನೆ, ಕೂಲಿ ಇದ್ದರೆ ಹೋಗುತ್ತಾನೆ. ಆದರೆ ವ್ರತದ ದಿನ, ಹಬ್ಬ ಜಾತ್ರೆಯ ದಿನ ಕಂಸಾಳೆ ಹಿಡಿದು ನಾಲ್ಕು ಮನೆ ಬಾಗಿಲಿಗೆ ಹೋಗಲೇಬೇಕು. ಈ ಭಿಕ್ಷೆಗೆ ಅವರ ಮಾತಿನಲ್ಲಿ ಬೇರೆಯೇ ಹೆಸರಿದೆ. ಅದು ಕೋರಣ್ಯ. ಹಳ್ಳಿಯ ಬಾಯಲ್ಲಿ ಕ್ವಾರಣ್ಯ.

ಇಲ್ಲೇ ಪೇಟೆಯ ಜನ ಎಡವುವುದು. ‘ಕೈಕಾಲು ಗಟ್ಟಿಯಾಗಿದೆ, ದುಡಿದು ತಿನ್ನೋಕೇನು?’ ಅಂತ ಕೇಳಿಬಿಡುತ್ತಾರೆ. ಗುಡ್ಡ ಬೇಡುವುದು ದುಡಿಯಲಾರದೆ ಅಲ್ಲ. ಮನೆಯಲ್ಲಿ ರಾಗಿ ತುಂಬಿದ್ದರೂ ಅವನು ಬೇಡಬೇಕು. ದೇವರ ಶಿಷ್ಯ ಅನ್ನಿಸಿಕೊಂಡವನಿಗೆ ‘ನಾನು’ ಅನ್ನುವುದು ಇರಬಾರದು. ಅದನ್ನು ಕಳೆಯುವುದಕ್ಕೆ ಊರಿನ ಎದುರು ಜೋಳಿಗೆ ಹಿಡಿಯುವುದಕ್ಕಿಂತ ಚುರುಕಾದ ಮದ್ದು ಇಲ್ಲ ಅಂತ ಹಿಂದಿನವರು ಕಂಡುಕೊಂಡಿದ್ದರು. ಕಂಸಾಳೆ ಕೈಗೆ ಬಂದದ್ದು ಹೀಗೆ.

ಎಪ್ಪತ್ತೇಳು ಮಲೆಯ ಒಡೆಯ

ಕೊಳ್ಳೇಗಾಲದಲ್ಲಿ ಬಸ್ ಹತ್ತಿದರೆ ಹನೂರು ದಾಟಿ ತಾಳುಬೆಟ್ಟದಿಂದ ತಿರುವುಗಳು ಶುರು. ಅಲ್ಲಿಂದ ಮುಂದೆ ಕಿಟಕಿ ಪಕ್ಕದ ಸೀಟಿಗೆ ಜಗಳ. ಸುಮಾರು 80 ಕಿಲೋಮೀಟರ್ ದಾರಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲಂತೂ ಅಮಾವಾಸ್ಯೆ ದಿನ ಫುಟ್‌ಬೋರ್ಡಿನಲ್ಲೂ ಜಾಗ ಸಿಗುವುದಿಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗೆ ನಡೆದೇ ಹೋಗುವವರ ಸಾಲು ಬೇರೆ. ತಮಿಳು ಸೀಮೆಯಿಂದಲೂ ಒಕ್ಕಲು ಬರುತ್ತಾರೆ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗಡಿ ಬದಲಾಯಿತು, ಒಕ್ಕಲು ಬದಲಾಗಲಿಲ್ಲ.

ಮಹದೇಶ್ವರ 14-15ನೆಯ ಶತಮಾನದ ಆಸುಪಾಸಿನ ಶರಣ ಅಂತ ಹೇಳುವ ವಿದ್ವಾಂಸರುಂಟು. ಉತ್ತರ ದೇಶದಿಂದ ಬಂದ, ಸುತ್ತೂರು ಮಠ, ಕುಂತೂರು ಮಠದಲ್ಲಿ ಇದ್ದ, ಕೊನೆಗೆ ಕಾಡು ಹೊಕ್ಕು ಮಲೆಯಲ್ಲಿ ನೆಲೆ ನಿಂತ ಅಂತ ಹಾಡು ಹೇಳುತ್ತದೆ. ಹುಲಿ ಅವನ ವಾಹನ. ಆನೆಮಲೆ, ಜೇನುಮಲೆ, ಪೊನ್ನಾಚಿಮಲೆ ಅಂತ ಹೆಸರು ಹೇಳುತ್ತಾ ಎಪ್ಪತ್ತೇಳು ಮಲೆಗಳನ್ನು ಅವನ ಲೆಕ್ಕಕ್ಕೆ ಬರೆದಿದ್ದಾರೆ. ಪೂಜೆ ಮಾಡುವವರು ಬೇಡಗಂಪಣರು. ಅವರೂ ಕಾಡಿನ ಮಕ್ಕಳೇ, ದೊಡ್ಡ ಊರಿನಿಂದ ಕರೆಸಿದ ಪುರೋಹಿತರಲ್ಲ.

ಹಾಡಿನಲ್ಲಿ ಯಾರ್ಯಾರು ಇದ್ದಾರೆ?

ಗುಡ್ಡರು ಹಾಡುವುದು ಬಿಡಿ ಬಿಡಿ ಭಜನೆಯಲ್ಲ. ಅದೊಂದು ದೊಡ್ಡ ಕಾವ್ಯ. ಅದರ ಒಂದೊಂದು ಭಾಗಕ್ಕೆ ಸಾಲು ಅನ್ನುತ್ತಾರೆ. ಶ್ರವಣದೊರೆ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸರಗೂರಯ್ಯನ ಸಾಲು, ಹೀಗೆ. ಒಂದು ರಾತ್ರಿ ಕೂತರೆ ಒಂದು ಸಾಲು ಮುಗಿದರೆ ಹೆಚ್ಚು.

ಈ ಸಾಲುಗಳಲ್ಲಿ ಯಾರಿದ್ದಾರೆ ಅಂತ ಎಣಿಸಿ ನೋಡಿದರೆ ಈ ಕಲೆಯ ಗುಟ್ಟು ಬಿಟ್ಟುಕೊಳ್ಳುತ್ತದೆ. ಶ್ರವಣ ಅನ್ನುವ ದೊರೆ ದೇವಾನುದೇವತೆಗಳನ್ನೆಲ್ಲಾ ಸೆರೆ ಹಿಡಿದು ದುಡಿಸಿಕೊಳ್ಳುತ್ತಾನೆ. ಅವನನ್ನು ಕೊಲ್ಲಲು ಮಾದಪ್ಪನಿಗೆ ಕತ್ತಿ ಬೇಕಾಗುವುದಿಲ್ಲ. ಚಪ್ಪಲಿ ಹೊಲೆಯುವ ಹರಳಯ್ಯನ ಸಹಾಯ ಬೇಕಾಗುತ್ತದೆ. ಹರಳಯ್ಯ ಮಾಡಿಕೊಟ್ಟ ಪಾದರಕ್ಷೆಯೇ ಶ್ರವಣನ ಸಾವಿಗೆ ದಾರಿಯಾಗುತ್ತದೆ. ದೇವತೆಗಳ ಸೆರೆ ಬಿಡಿಸಿದ್ದು ಚರ್ಮದ ಕೆಲಸದವನ ಕೈ. ಬೆಟ್ಟದಲ್ಲಿ ಗುಡಿ ಕಟ್ಟಿಸಿದವನು ಮಹಾರಾಜನಲ್ಲ, ಮಂದೆಯ ಒಡೆಯ ಜುಂಜೇಗೌಡ.

ಎಲ್ಲಕ್ಕಿಂತ ಜನ ಕೂತು ಕೇಳುವುದು ಸಂಕಮ್ಮನ ಸಾಲನ್ನು. ಸಂಕಮ್ಮ ಮಲೆಯ ಸೋಲಿಗರ ಹೆಣ್ಣು, ಮಕ್ಕಳಿಲ್ಲ. ಗಂಡ ಕಾಡಿಗೆ ಹೊರಟವನು ಹೆಂಡತಿಯ ಮೇಲೆ ಅನುಮಾನಪಟ್ಟು, ‘ನಾನು ಬರುವವರೆಗೆ ನೆಟ್ಟಗಿರುತ್ತೇನೆ ಅಂತ ಭಾಷೆ ಕೊಡು’ ಅನ್ನುತ್ತಾನೆ. ಅವಳು ಒಪ್ಪುವುದಿಲ್ಲ. ತಪ್ಪು ಮಾಡದವಳು ಭಾಷೆ ಯಾಕೆ ಕೊಡಬೇಕು? ಸಿಟ್ಟಿಗೆ ಅವಳನ್ನು ಗುಡಿಸಲಲ್ಲಿ ಕಟ್ಟಿಹಾಕಿ ಹಿಂಸೆ ಕೊಟ್ಟು ಹೊರಟುಬಿಡುತ್ತಾನೆ. ಆಗ ಜಂಗಮನ ವೇಷದಲ್ಲಿ ಮಾದಪ್ಪ ಬರುತ್ತಾನೆ. ಕಟ್ಟು ಬಿಚ್ಚುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಹುಟ್ಟಿದ ಅವಳಿ ಮಕ್ಕಳೇ ಕಾರಯ್ಯ, ಬಿಲ್ಲಯ್ಯ. ಅವರು ಮುಂದೆ ಮಾದಪ್ಪನ ಪರಿವಾರಕ್ಕೆ ಸೇರುತ್ತಾರೆ.

ಈ ಸಾಲು ನಡೆಯುವ ರಾತ್ರಿ ಹೆಂಗಸರ ಕಡೆ ಸೆರಗು ಕಣ್ಣಿಗೆ ಹೋಗುವುದನ್ನು ನೋಡಬೇಕು. ಗಂಡಸರ ಕಡೆ ಯಾರೂ ಮಾತಾಡುವುದಿಲ್ಲ. ಊರ ನಡುವೆ ಯಾರೂ ಬಾಯಿಬಿಟ್ಟು ಹೇಳಲಾಗದ ಮನೆಯೊಳಗಿನ ಕಷ್ಟವನ್ನು ದೇವರ ಹೆಸರಿನಲ್ಲಿ ಕಂಸಾಳೆ ಹೇಳಿಬಿಡುತ್ತದೆ. ನ್ಯಾಯ ಸಂಕಮ್ಮನ ಕಡೆಗೇ ಆಗುತ್ತದೆ.

ಕುರುಬ, ಸೋಲಿಗ, ಬೇಡ, ಚರ್ಮದ ಕೆಲಸದವ, ಕಟ್ಟಿಹಾಕಿಸಿಕೊಂಡ ಹೆಣ್ಣು. ಇವರ ಊರು, ಇವರ ಜಗಳ, ಇವರ ಮಾನ ಅವಮಾನ ಯಾವ ಅರಮನೆಯ ಕಡತದಲ್ಲೂ ಏರಲಿಲ್ಲ. ಏರಿದ್ದು ಈ ಹಾಡಿನಲ್ಲಿ. ಬರೆಯಲು ಬಾರದ ಜನ ತಮ್ಮ ಚರಿತ್ರೆಯನ್ನು ಬಾಯಲ್ಲೇ ಇಟ್ಟುಕೊಂಡು, ಅದನ್ನು ಹೊತ್ತು ತಿರುಗುವ ಕೆಲಸವನ್ನು ಗುಡ್ಡನಿಗೆ ಒಪ್ಪಿಸಿದರು. ಜೋಳಿಗೆಗೆ ಬೀಳುತ್ತಿದ್ದ ಸೇರು ರಾಗಿ ಆ ಕೆಲಸದ ಸಂಬಳ.

ರಾತ್ರಿ ಕೂತು, ಬೆಳಗ್ಗೆ ಎದ್ದು

ಹರಕೆ ಇದ್ದ ಮನೆಯವರು ಗುಡ್ಡರನ್ನು ಕರೆಸಿ ಕತೆ ಮಾಡಿಸುತ್ತಾರೆ. ಸಾಮಾನ್ಯವಾಗಿ ಮೂರು ನಾಲ್ಕು ಜನ. ಒಬ್ಬ ಮುಮ್ಮೇಳ, ಕತೆ ಅವನದು. ಉಳಿದವರು ಹಿಮ್ಮೇಳ. ಕಂಸಾಳೆ ಜೊತೆಗೆ ದಮ್ಮಡಿ. ಮುಂದಿನವನು ಸ್ವಲ್ಪ ಹೊತ್ತು ಮಾತಿನಲ್ಲೇ ಕತೆ ಹೇಳುತ್ತಾನೆ. ಮಾತು ಏರುತ್ತಾ ಏರುತ್ತಾ ಯಾವಾಗ ಹಾಡಾಯಿತು ಅನ್ನುವುದೇ ತಿಳಿಯುವುದಿಲ್ಲ. ಕೊನೆಯ ಪದ ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ, ಆ ಬಿಡುವಿನಲ್ಲಿ ಅವನು ಮುಂದಿನ ಸಾಲು ಹೆಣೆಯುತ್ತಾನೆ. ಕೈಯಲ್ಲಿ ಪುಸ್ತಕ ಇಲ್ಲ. ಕೇಳುವವರಲ್ಲಿ ನಿದ್ದೆ ಕಂಡರೆ ನಗಿಸುತ್ತಾನೆ, ಗದ್ದಲ ಕಂಡರೆ ಅಳಿಸುತ್ತಾನೆ.

ಇನ್ನು ಬೀಸು ಕಂಸಾಳೆ. ಕೂತು ಹಾಡುವ ಕತೆ ಎದ್ದು ಮೈಗೆ ಬಂದರೆ ಅದೇ ಬೀಸು ಕಂಸಾಳೆ. ಬಿಲ್ಲೆಯನ್ನು ಹುರಿಯಲ್ಲಿ ಬೀಸಿ ತಲೆಯ ಸುತ್ತ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ ತಂದು ಎಡಗೈಯ ಬಟ್ಟಲಿಗೆ ಹೊಡೆಯಬೇಕು. ತನ್ನ ಬಟ್ಟಲಿಗೆ ಒಂದು ಏಟು, ಪಕ್ಕದವನ ಬಟ್ಟಲಿಗೆ ಒಂದು ಏಟು. ಕೂತು, ಮಲಗಿ, ಒಬ್ಬರ ಮೇಲೊಬ್ಬರು ನಿಂತು ಬೀಸುತ್ತಾರೆ. ಲೆಕ್ಕ ಅರ್ಧ ಚಿಟಿಕೆ ತಪ್ಪಿದರೂ ಕಂಚು ಪಕ್ಕದವನ ಹಣೆಗೆ ಬಡಿಯುತ್ತದೆ. ಒಬ್ಬರನ್ನೊಬ್ಬರು ನಂಬದವರು ಈ ಕುಣಿತ ಕುಣಿಯಲಾಗದು.

ಇನ್ನೊಂದು ಮಾತು. ತಂಬೂರಿ ಮೀಟಿಕೊಂಡು, ಗಗ್ಗರ ಹಿಡಿದು ಬರುವವರನ್ನೂ ಕಂಸಾಳೆಯವರು ಅನ್ನುವುದುಂಟು. ಅವರು ನೀಲಗಾರರು, ಮಂಟೇಸ್ವಾಮಿ, ಸಿದ್ಧಪ್ಪಾಜಿಯ ಶಿಷ್ಯರು, ಚಿಕ್ಕಲ್ಲೂರು ಜಾತ್ರೆಯ ಕಡೆಯವರು. ಸೀಮೆ ಒಂದೇ, ದಾರಿ ಬೇರೆ. ಬಾಗಿಲಿಗೆ ಬಂದಾಗ ಗುರುತು ಹಿಡಿದು ಮಾತಾಡಿಸಿದರೆ ಇಬ್ಬರಿಗೂ ಸಂತೋಷ.

ಪುಸ್ತಕ, ಸಿನಿಮಾ, ಸ್ಟೇಜು

ಓದಿದವರು ಈ ಹಾಡಿನ ಕಡೆ ತಿರುಗಿ ನೋಡಿದ್ದು ತಡವಾಗಿ. ಡಾ. ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿದ ಮಲೆಯ ಮಾದೇಶ್ವರನ ಕಾವ್ಯ 1973ರಲ್ಲಿ ಅಚ್ಚಾಯಿತು. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ್ದನ್ನು ಡಾ. ಕೆ. ಕೇಶವನ್ ಪ್ರಸಾದ್ ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿತು. ಬೀದಿಯಲ್ಲಿ ಹಾಡಿ ಬೇಡಿದ್ದು ದಪ್ಪ ದಪ್ಪ ಪುಸ್ತಕವಾಗಿ ಕಪಾಟು ಸೇರಿದಾಗ, ಇಷ್ಟು ದೊಡ್ಡದನ್ನು ಇವರು ನೆನಪಿನಲ್ಲಿ ಇಟ್ಟುಕೊಂಡಿದ್ದರೇ ಅಂತ ಪೇಟೆಯವರು ಮೂಗಿನ ಮೇಲೆ ಬೆರಳಿಟ್ಟರು.

1996ರಲ್ಲಿ ಟಿ. ಎಸ್. ನಾಗಾಭರಣರ ‘ಜನುಮದ ಜೋಡಿ’ ಬಂತು. ಅದರ ‘ಕೋಲುಮಂಡೆ’ ಹಾಡು, ಎಲ್. ಎನ್. ಶಾಸ್ತ್ರಿ ಹಾಡಿದ್ದು, ಮದುವೆ ಮನೆ, ಗಣೇಶನ ಪೆಂಡಾಲು, ಬಸ್ಸು ಎಲ್ಲೆಲ್ಲೂ ಮೊಳಗಿತು. ಕುಣಿಯದವರೇ ಇರಲಿಲ್ಲ. ಆ ಹಾಡಿನ ಒಳಗಿರುವುದು ಏನು? ಜಂಗಮನೊಬ್ಬ ಕೋರಣ್ಯಕ್ಕೆ ಬಂದಿದ್ದಾನೆ, ನೀಡಿರಿ ಅನ್ನುವುದು. ಇಡೀ ಕರ್ನಾಟಕ ಕುಣಿದದ್ದು ಒಂದು ಭಿಕ್ಷೆಯ ಹಾಡಿಗೆ. ಕ್ಯಾಸೆಟ್ಟಿನವನಿಗೆ ದುಡ್ಡು ಕೊಟ್ಟು ಕೊಂಡರು, ಬಾಗಿಲಿಗೆ ಬಂದವನಿಗೆ ಚಿಲ್ಲರೆ ಇಲ್ಲ ಅಂದರು.

ಸ್ಟೇಜು ಬಂದದ್ದರಿಂದ ಕೇಡೇ ಆಯಿತು ಅನ್ನುವುದು ತಪ್ಪಾಗುತ್ತದೆ. ಮೈಸೂರಿನ ಕಂಸಾಳೆ ಮಹದೇವಯ್ಯನವರಂಥ ಕಲಾವಿದರು ಈ ಕಲೆಯನ್ನು ಹೊರ ಊರುಗಳ ವೇದಿಕೆಗೆ ಒಯ್ದು ಹೆಸರು ತಂದರು. ಹಿಂದೆ ಗಂಡಸರದ್ದೇ ಆಗಿದ್ದ ಕುಣಿತವನ್ನು ಈಗ ಶಾಲೆ ಕಾಲೇಜಿನ ಹೆಣ್ಣುಮಕ್ಕಳೂ ಬೀಸುತ್ತಾರೆ. ದಸರಾ ಮೆರವಣಿಗೆಯಲ್ಲಿ ಕಂಸಾಳೆ ಬಂದರೆ ಜನ ಎದ್ದು ನಿಲ್ಲುತ್ತಾರೆ. ಕಲಾವಿದನ ಕೈಗೆ ನಾಲ್ಕು ಕಾಸು, ಹೆಗಲಿಗೆ ಒಂದು ಶಾಲು ಬಿದ್ದರೆ ಬೇಡ ಅನ್ನುವವರು ಯಾರು?

ಲೆಕ್ಕ ತಪ್ಪುತ್ತಿರುವುದು ಬೇರೆ ಕಡೆ. ಹತ್ತು ನಿಮಿಷದಲ್ಲಿ ಬೀಸು ಕಂಸಾಳೆ ತೋರಿಸಬಹುದು, ಸಂಕಮ್ಮನ ಸಾಲು ಹೇಳಲಾಗದು. ಮೈಯ ಕಸರತ್ತಿಗೆ ಚಪ್ಪಾಳೆ ಸಿಗುತ್ತದೆ, ಕತೆಗೆ ಸಿಗುವುದಿಲ್ಲ. ಹೀಗಾಗಿ ಹುಡುಗರು ಕುಣಿತ ಕಲಿಯುತ್ತಾರೆ, ಕತೆ ಕಲಿಯುವುದಿಲ್ಲ. ಎರಡು ತಿಂಗಳ ಶಿಬಿರದಲ್ಲಿ ಕೈ ಪಳಗಬಹುದು. ಕತೆ ಪಳಗಲು ಹಿರಿಯ ಗುಡ್ಡನ ಹಿಂದೆ ವರ್ಷಗಟ್ಟಲೆ ಹಿಮ್ಮೇಳದಲ್ಲಿ ಕೂರಬೇಕು. ಗುಡ್ಡನ ಮನೆಯ ಹುಡುಗನೇ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗಿರುವಾಗ ಹಿಮ್ಮೇಳಕ್ಕೆ ಕೂರುವವರು ಯಾರು? ಅವನು ಹೋದದ್ದನ್ನೂ ತಪ್ಪು ಅನ್ನುವಂತಿಲ್ಲ. ಅಪ್ಪನಿಗೆ ಬಾಗಿಲು ಬಾಗಿಲಲ್ಲಿ ಆದ ಮರ್ಯಾದೆಯನ್ನು ಮಗ ಚಿಕ್ಕಂದಿನಿಂದ ನೋಡಿದ್ದಾನೆ. ‘ಈ ಜೋಳಿಗೆ ನನಗೆ ಬೇಡ’ ಅನ್ನುವ ಹಕ್ಕು ಅವನಿಗೂ ಉಂಟು.

ಪುಸ್ತಕ ಇದೆಯಲ್ಲ, ಕತೆ ಎಲ್ಲಿ ಹೋಗುತ್ತದೆ ಅನ್ನಬಹುದು. ಪುಸ್ತಕ ಸಾಲನ್ನು ಉಳಿಸುತ್ತದೆ. ನಿದ್ದೆ ಬಂದವನನ್ನು ನಗಿಸುವುದಕ್ಕೆ, ಸೆರಗು ಕಣ್ಣಿಗೆ ಹೋದದ್ದನ್ನು ನೋಡಿ ದನಿ ತಗ್ಗಿಸುವುದಕ್ಕೆ ಪುಸ್ತಕಕ್ಕೆ ಬರುವುದಿಲ್ಲ.

ಕಾಳಮ್ಮನ ಬಾಗಿಲು

ಕೊನೆಗೆ ಬೇವಿನಹಟ್ಟಿ ಕಾಳಮ್ಮನ ಸಾಲು. ವ್ಯಾಪಾರಸ್ಥರು ಮುಖ್ಯವಾಗಿ ಕೇಳಬೇಕಾದದ್ದು ಇದನ್ನೇ. ಕಾಳಮ್ಮನಿಗೆ ಏನು ಕಮ್ಮಿ? ಮನೆ ತುಂಬ ಜನ, ಕಣಜ ತುಂಬ ಧಾನ್ಯ, ಮೈ ತುಂಬ ಗರ್ವ. ಮಾದಪ್ಪ ಜಂಗಮನಾಗಿ ಜೋಳಿಗೆ ಹಿಡಿದು ಅವಳ ಬಾಗಿಲಿಗೆ ಬರುತ್ತಾನೆ. ಅವಳು ಇದ್ದದ್ದನ್ನು ಇಲ್ಲ ಅನ್ನುತ್ತಾಳೆ, ಬಂದವನನ್ನು ಜರಿದು ಅಟ್ಟುತ್ತಾಳೆ. ಆಮೇಲೆ ಅವಳ ಸಿರಿ ಹೇಗೆ ಕರಗಿತು ಅನ್ನುವುದನ್ನು ಗುಡ್ಡರು ರಾತ್ರಿಯೆಲ್ಲಾ ಹಾಡುತ್ತಾರೆ.

ದೇವರು ಶಾಪ ಕೊಡುತ್ತಾನೆ, ಅಂಗಡಿ ಮುಳುಗುತ್ತದೆ ಅಂತ ಹೆದರಿಸುವುದಕ್ಕೆ ಈ ಮಾತಲ್ಲ. ಕಾಳಮ್ಮ ಸೋತದ್ದು ಒಂದು ಹಿಡಿ ಧಾನ್ಯ ಕೊಡದ್ದಕ್ಕಲ್ಲ. ಎದುರಿಗೆ ನಿಂತವನು ಯಾರು ಅಂತ ಕಣ್ಣೆತ್ತಿ ನೋಡದ್ದಕ್ಕೆ. ಈ ಸಾಲನ್ನು ಕಟ್ಟಿದವರು ಬಾಗಿಲಲ್ಲಿ ನಿಲ್ಲುವ ಗುಡ್ಡರೇ. ತಮಗೆ ದಿನಾ ಆಗುತ್ತಿದ್ದ ಅವಮಾನವನ್ನೇ ಕಾವ್ಯ ಮಾಡಿ, ಅವಮಾನ ಮಾಡಿದವರ ಮನೆಯಂಗಳದಲ್ಲೇ ಹಾಡಿ, ಅವರಿಂದಲೇ ‘ಉಘೇ’ ಅನ್ನಿಸಿದರು. ಇದಕ್ಕಿಂತ ಮರ್ಯಾದಸ್ಥ ಉತ್ತರ ಇನ್ನೊಂದಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ‘ಝಣ್’ ಅಂದಾಗ ಗಲ್ಲಾದಲ್ಲಿ ಚಿಲ್ಲರೆ ಇಲ್ಲದಿದ್ದರೂ ಪರವಾಗಿಲ್ಲ. ಗಿರಾಕಿ ಇಲ್ಲದ ಹೊತ್ತಾದರೆ ತಲೆ ಎತ್ತಿ, ‘ಯಾವೂರು ಸ್ವಾಮಿ? ಸಂಕಮ್ಮನ ಸಾಲು ಬರುತ್ತಾ? ಎರಡು ನುಡಿ ಹೇಳಿ’ ಅಂತ ಕೇಳಿ ನೋಡಬಹುದು. ಹೇಳಿದರೆ ಐದು ನಿಮಿಷ ಕೂತು ಕೇಳಬಹುದು. ಒಂದು ಲೋಟ ಟೀ ತರಿಸಬಹುದು. ಬಸ್ ಸ್ಟ್ಯಾಂಡಿನಲ್ಲಿ ಪಕ್ಕದ ಕಲ್ಲು ಬೆಂಚಿನ ಮೇಲೆ ಜೋಳಿಗೆ ಇಟ್ಟುಕೊಂಡು ಕೂತವನನ್ನು ನೋಡಿ ಸರಿದು ಕೂರುವ ಬದಲು ಮಾತಾಡಿಸಬಹುದು. ಬೆಟ್ಟದ ಬಸ್ಸು ಹೇಗೂ ತಡವಾಗಿಯೇ ಬರುತ್ತದೆ.

ಅಪ್ಪನ ಹಿಂದೆ ಜೋಳಿಗೆ ಹಿಡಿದು ನಿಂತ ಹುಡುಗನೊಬ್ಬ ಇದನ್ನು ನೋಡಿದರೆ ಸಾಕು. ಕತೆ ಕಲಿಯಬೇಕೋ ಬಿಡಬೇಕೋ ಅನ್ನುವುದನ್ನು ಅವನು ತೀರ್ಮಾನ ಮಾಡುವುದು ಶಾಲು ಹೊದಿಸುವ ಸಭೆಯಲ್ಲಲ್ಲ, ಇಂಥ ಬಾಗಿಲುಗಳಲ್ಲೇ.